ದಂಡೆಯ ಮೊದಲ ಸಾಲು

ಜಿವಾನಜ್ಜ ತನ್ನ ಗೋರಿ ಕಟ್ಟಿಸಿದ್ದು ನಲವತ್ತೆಂಟನೇ ವಯಸ್ಸಿನಲ್ಲಿ, ಮೈ ಕಲ್ಲಿನ ಹಾಗೆ ಗಟ್ಟಿಯಾಗಿದ್ದಾಗ. ನಮ್ಮೂರು ಜುಟೊವದಲ್ಲಿ ಇದನ್ನು ಯಾರೂ ಹುಚ್ಚು ಅನ್ನುವುದಿಲ್ಲ. ಮನೆ ಕಟ್ಟಿ ಮುಗಿಸಿದವನಿಗೆ ಮುಂದಿನ ಕೆಲಸ ಅದೇ. ಕರಿಕಲ್ಲಿನ ಮೇಲೆ ಗಂಡ ಹೆಂಡತಿಯ ಮುಖ, ಹೆಸರು, ಹುಟ್ಟಿದ ವರ್ಷ, ಒಂದು ಅಡ್ಡಗೆರೆ, ಅದರಾಚೆ ಖಾಲಿ ಜಾಗ. ಭಾನುವಾರ ಪ್ರಾರ್ಥನೆ ಮುಗಿಸಿಕೊಂಡು ಹೋಗಿ ತನ್ನ ಮುಖದ ಮೇಲಿನ ಧೂಳನ್ನು ತಾನೇ ಒರೆಸಿ ಬರುವುದು ಇಲ್ಲಿ ಸಭ್ಯರ ಲಕ್ಷಣ.

ಅಜ್ಜ ಎಡವಿದ್ದು ಜಾಗದ ವಿಷಯದಲ್ಲಿ. ಸ್ಮಶಾನದ ಮೊದಲ ಸಾಲನ್ನೇ ಬೇಕೆಂದು ಹಟ ಹಿಡಿದು ಪಡೆದಿದ್ದ. ಕೆಳಗೆ ಮೂವತ್ತು ಮೀಟರ್ ನೇರ ಇಳಿದರೆ ಡ್ಯಾನ್ಯೂಬ್ ನದಿ. ಅವನು ಸರಕು ದೋಣಿಗಳನ್ನು ಎಳೆಯುವ ಹಡಗಿನಲ್ಲಿ ಇಂಜಿನ್ ನೋಡಿಕೊಳ್ಳುತ್ತಿದ್ದವನು. ತಿಂಗಳಿಗೊಮ್ಮೆ ಹಡಗು ಊರ ಮುಂದೆ ಹಾದುಹೋಗುವಾಗ ಅವನ ಹೆಂಡತಿ ಸ್ಮಿಲ್ಯಾ ದಂಡೆಯ ಆ ಮೂಲೆಯಲ್ಲಿ ನಿಂತಿರುತ್ತಿದ್ದಳು. ಹಡಗು ನಿಲ್ಲುತ್ತಿರಲಿಲ್ಲ. ಅವನು ಎರಡು ಸಲ ಹಾರನ್ ಹೊಡೆಸುತ್ತಿದ್ದ, ಅವಳು ಕೈ ಎತ್ತುತ್ತಿದ್ದಳು, ಅಷ್ಟೇ ಸಂಸಾರ. ಮಕ್ಕಳಾಗಲಿಲ್ಲ. ಗೋರಿ ಕಟ್ಟಿಸಿದಾಗ ಕಲ್ಲಿಗೂ ದಂಡೆಯ ಅಂಚಿಗೂ ನಡುವೆ ಇಪ್ಪತ್ತೆರಡು ಹೆಜ್ಜೆ ಇತ್ತಂತೆ. ಎರಡು ವರ್ಷಕ್ಕೆ ದೇಶ ಒಡೆದು ಯುದ್ಧ ಬಂತು, ಹಡಗುಗಳು ನಿಂತವು. ಮತ್ತೆ ಹನ್ನೆರಡು ವರ್ಷಕ್ಕೆ ಸ್ಮಿಲ್ಯಾ ತೀರಿಹೋಗಿ ಅಡ್ಡಗೆರೆಯ ಆಚೆ ತನ್ನ ವರ್ಷ ಬರೆಸಿಕೊಂಡಳು. ಅವನದು ಇನ್ನೂ ಖಾಲಿ ಇತ್ತು.

ಆ ಸ್ಮಶಾನದ ಹುಲ್ಲು ಕತ್ತರಿಸುವವನು ನಾನು. ಪಂಚಾಯಿತಿ ಕೂಲಿ. ಕಾಗದದಲ್ಲಿ ನನ್ನ ಹುದ್ದೆಗೆ ಎರಡು ಸಾಲು ತುಂಬುವಷ್ಟು ಉದ್ದದ ಹೆಸರಿದೆ. ಮಾಡುವುದು ಮಾತ್ರ ಹುಲ್ಲು, ಕಸದ ಡಬ್ಬಿ, ಚಳಿಗಾಲದಲ್ಲಿ ಹಿಮ, ಯಾರಾದರೂ ಸತ್ತರೆ ಗುಂಡಿ. ಹೆಸರು ಸ್ರೆಟ್ಕೊ, ಅಂದರೆ ಅದೃಷ್ಟವಂತ. ತೊಂಬತ್ತಾರರಲ್ಲಿ ಹುಟ್ಟಿದೆ. ಆ ವರ್ಷ ಊರು ಯಾವ ದೇಶದ್ದೆಂದು ಜನನಪತ್ರ ಬರೆದ ಗುಮಾಸ್ತನಿಗೂ ಖಾತ್ರಿಯಿರದೆ ಆ ಜಾಗವನ್ನು ಪೆನ್ಸಿಲಿನಲ್ಲಿ ತುಂಬಿದನಂತೆ. ಆಮೇಲೆ ಊರು ಕ್ರೊಯೇಷಿಯಾದಲ್ಲಿ ಉಳಿಯಿತು, ಆಚೆ ದಡ ಸರ್ಬಿಯಾ ಆಯಿತು, ಊರಿನ ನೂರಕ್ಕೆ ಎಂಬತ್ತರಷ್ಟಿದ್ದ ಸರ್ಬರು ಈಚೆ ದಡದಲ್ಲಿ ಕೂತು ಆಚೆ ದಡ ನೋಡುವುದನ್ನು ಕಲಿತರು. ನನ್ನ ವಾರಿಗೆಯವರೆಲ್ಲ ಐರ್ಲೆಂಡಿನಲ್ಲಿ ಕೋಳಿಮಾಂಸ ಪ್ಯಾಕ್ ಮಾಡುತ್ತಿದ್ದಾರೆ. ನಾನೂ ಹೋಗಿದ್ದೆ, ಹನ್ನೊಂದನೇ ದಿನಕ್ಕೆ ವಾಪಸ್ ಬಂದೆ. ಕೇಳಿದವರಿಗೆ ತಾಯ್ನೆಲ ಬಿಟ್ಟಿರಲಾಗಲಿಲ್ಲ ಅನ್ನುತ್ತೇನೆ. ನಿಜವಾದ ಕಾರಣ ಬೆಳಗಿನ ಪಾಳಿ.

ತಾಯ್ನೆಲಕ್ಕೂ ನನ್ನಂತೆಯೇ ನಿಂತಲ್ಲಿ ನಿಲ್ಲುವ ಬುದ್ಧಿಯಿಲ್ಲ. ನಮ್ಮ ದಂಡೆ ಹಳದಿ ಮಣ್ಣಿನದು. ಒಣಗಿದ್ದರೆ ಗೋಡೆ, ಅದರೊಳಗೆ ಗುಹೆ ಕೊರೆದು ವೈನ್ ಪೀಪಾಯಿ ಇಡುತ್ತಾರೆ. ನೀರು ಒಳಗಿಳಿದರೆ ಕೇಕಿನ ಹಾಗೆ ಹೋಳು ಹೋಳಾಗಿ ನದಿಗೆ ಬೀಳುತ್ತದೆ. ಬಿದ್ದದ್ದನ್ನು ನದಿ ಆಚೆ ದಡಕ್ಕೆ ಒಯ್ದು ದಿಬ್ಬ ಮಾಡುತ್ತದೆ. ಹೀಗೆ ನಮ್ಮೂರು ಎರಡು ವರ್ಷಕ್ಕೆ ಒಂದು ಹೆಜ್ಜೆಯಂತೆ, ಪಾಸ್‌ಪೋರ್ಟ್ ಇಲ್ಲದೆ, ದೇಶ ಬಿಟ್ಟು ಹೋಗುತ್ತಿದೆ.

ಅಜ್ಜನಿಗೆ ಎಂಬತ್ತೊಂದಾದ ವರ್ಷ ಬೇಸಿಗೆಯಲ್ಲಿ ಗೋರಿಗಳ ವಾರಸುದಾರರಿಗೆ ಪಂಚಾಯಿತಿಯಿಂದ ಪತ್ರ ಹೋಯಿತು. ಮೊದಲ ಸಾಲಿನ ಹನ್ನೊಂದು ಗೋರಿಗಳನ್ನು ತೆಗೆದು ಒಳಗಡೆ, ಜೋಳದ ಹೊಲದ ಪಕ್ಕದ ಜಾಗಕ್ಕೆ ಸಾಗಿಸಬೇಕು. ಅಕ್ಟೋಬರ್ ಮುಗಿಯುವಷ್ಟರಲ್ಲಿ ನಾನು ಹತ್ತು ತೆಗೆದಿದ್ದೆ. ಉಳಿದದ್ದು ಒಂದು. ಹೇಳಿ ಒಪ್ಪಿಸು ಅಂತ ಪಂಚಾಯಿತಿ ನನ್ನನ್ನು ಕಳಿಸಿತು. ಒಪ್ಪಿಸುವ ಕಲೆ ನನಗಿದ್ದಿದ್ದರೆ ಇಷ್ಟು ಹೊತ್ತಿಗೆ ಮದುವೆಯಾಗಿರುತ್ತಿದ್ದೆ.

ಅಜ್ಜ ಅಂಗಳದಲ್ಲಿ ಬಲೆ ತೇಪೆ ಹಾಕುತ್ತಿದ್ದ. ಪಕ್ಕದ ಮನೆಯ ಕೊವಿಲ್ಕ ಬೇಲಿಗೆ ಮೊಣಕೈ ಊರಿಕೊಂಡು ನಿಂತಿದ್ದಳು. ಅವಳ ಗಂಡನನ್ನು ನಾನು ಹಿಂದಿನ ವಾರವಷ್ಟೇ ಮೊದಲ ಸಾಲಿನಿಂದ ಸಾಗಿಸಿದ್ದೆ.

"ನೋಡು, ಬಂದ ನಿನ್ನ ಸಾರಥಿ," ಅಂದಳು ಕೊವಿಲ್ಕ. "ನನ್ನ ಗಂಡನ್ನ ಟ್ರ್ಯಾಕ್ಟರಲ್ಲಿ ಅದೆಷ್ಟು ಜೋಪಾನವಾಗಿ ಕರ್ಕೊಂಡ್ಹೋದ ಅಂತೀಯ. ಬದುಕಿದ್ದಾಗ ಆ ಮನುಷ್ಯನ್ನ ಯಾರೂ ಅಷ್ಟು ಮರ್ಯಾದೆಯಾಗಿ ಮನೆ ಸೇರಿಸಿರ್ಲಿಲ್ಲ."

"ನನ್ನವಳು ಎಲ್ಲಿಗೂ ಬರಲ್ಲ," ಅಂದ ಅಜ್ಜ, ಬಲೆಯಿಂದ ಕಣ್ಣೆತ್ತದೆ.

"ಅಜ್ಜ, ಮೂರು ಹೆಜ್ಜೆ ಉಳಿದಿದೆ. ಅಳೆದೇ ಬಂದಿದ್ದೀನಿ."

"ಯಾರ ಹೆಜ್ಜೆ? ನಿಂದಾ? ನಿನ್ನದು ಕೊಕ್ಕರೆ ಹೆಜ್ಜೆ."

"ಜಿವಾನ್, ನೀನು ಕತ್ತೆ ಕಣಯ್ಯಾ," ಅಂದಳು ಕೊವಿಲ್ಕ. "ನದಿಗೆ ಬಿದ್ದರೆ ಅವಳನ್ನ ಎಲ್ಲಿ ಹುಡುಕ್ತೀಯ? ಸಮುದ್ರದಲ್ಲಾ?"

ಅಜ್ಜ ಸೂಜಿಯನ್ನು ಬಲೆಗೆ ಚುಚ್ಚಿಟ್ಟು ಎದ್ದ. "ಬಾ," ಅಂದ ನನಗೆ. "ಒಂದು ತೋರಿಸ್ತೀನಿ."

ಹಳೆಯ ದೋಣಿಕಟ್ಟೆಗೆ ಕರೆದುಕೊಂಡು ಹೋದ. ಅಲ್ಲಿ ನೀರಿಗಿಳಿಯಲು ಹದಿನಾಲ್ಕು ಮೆಟ್ಟಿಲಿವೆ. ನಾನು ಈಜು ಕಲಿತದ್ದು, ಮೊದಲ ಸಿಗರೇಟು ಸೇದಿದ್ದು, ಎಲ್ಲಾ ಅಲ್ಲೇ. ಒಳ್ಳೆಯ ನುಣುಪು ಕಲ್ಲುಗಳು. ಇಷ್ಟು ಚೆನ್ನಾದ ಕಲ್ಲು ಈ ಮಣ್ಣಿನೂರಿಗೆ ಎಲ್ಲಿಂದ ಬಂತು ಅಂತ ಯೋಚಿಸುವಷ್ಟು ತಲೆ ನನಗೆ ಯಾವತ್ತೂ ಇರಲಿಲ್ಲ.

"ಬೆರಳು ಹಾಕಿ ನೋಡು, ಅಡಿಗೆ," ಅಂದ.

ನಾಲ್ಕನೇ ಮೆಟ್ಟಿಲಿನ ಕೆಳಗಿನ ಮಣ್ಣನ್ನು ನೀರು ಕೊರೆದಿತ್ತು. ಕೈ ತೂರಿಸಿದೆ. ಕಲ್ಲಿನ ಅಡಿಯ ಮೈಯಲ್ಲಿ ಕೊರೆದ ಗೀರುಗಳು ಬೆರಳಿಗೆ ಸಿಕ್ಕವು. ಅಕ್ಷರಗಳು.

"ಜರ್ಮನರದು," ಅಂದ ಅಜ್ಜ. "ಹಿಂದೆ ಈ ಊರಲ್ಲಿದ್ದೋರು. ಮಹಾಯುದ್ಧ ಮುಗೀತಿದ್ದ ಹಾಗೆ ಅವರನ್ನ ಓಡಿಸಿದರು. ನಾವು ಬಂದದ್ದು ನಲವತ್ತಾರರಲ್ಲಿ, ಲಿಕಾದ ಕಲ್ಲುಗುಡ್ಡದಿಂದ, ರೈಲಲ್ಲಿ. ನನಗೆ ಐದು ವರ್ಷ. ನಮಗೆ ಕೊಟ್ಟ ಮನೇಲಿ ಬೀರು ತೆಗೆದರೆ ಅವರ ತಟ್ಟೆಗಳು ಹಾಗೇ ಇದ್ದವು. ನಮ್ಮಮ್ಮ ಒಂದು ವರ್ಷ ಅದರಲ್ಲಿ ಉಣ್ಣಲಿಲ್ಲ. ಆಮೇಲೆ ಉಂಡಳು. ಐವತ್ತೇಳರಲ್ಲಿ ಗೋಧಿ ದೋಣಿಗಳಿಗೆ ಕಟ್ಟೆ ಬೇಕು ಅಂದರು. ಕಲ್ಲು ಎಲ್ಲಿದೆ? ಅವರ ಸ್ಮಶಾನದಲ್ಲಿದೆ. ಗಾಡಿ ಹೊಡೆದೋನು ನಾನು. ಹದಿನಾರು ವರ್ಷ, ಮೈಯಲ್ಲಿ ಎತ್ತಿನ ಶಕ್ತಿ. ಬರೆದ ಮುಖ ಕೆಳಗೆ ಮಾಡಿ ಇಡು ಅಂದರು, ಇಟ್ಟೆ. ನಾಲ್ಕನೇದು ಕತರೀನಾ ರೆಟಿಗ್ ಅನ್ನೋಳದು. ಓದಿಬಿಟ್ಟೆ, ಅದೇ ತಪ್ಪಾಯ್ತು. ಓದಬಾರದಿತ್ತು."

ನಾನು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡೆ.

"ಆ ಸ್ಮಶಾನ ಎಲ್ಲಿತ್ತು ಅಂದ್ಕೊಂಡೆ? ಜೋಳದ ಹೊಲದ ಪಕ್ಕ. ಈಗ ನೀವೆಲ್ಲ ಹೊಸ ಜಾಗ, ಹೊಸ ಜಾಗ ಅಂತೀರಲ್ಲ, ಅದೇ. ಕಲ್ಲು ತೆಗೆದ್ವಿ, ಜನ ಕೆಳಗೇ ಇದ್ದಾರೆ. ಅವರ ತಲೆ ಮೇಲಿಂದ ಕಲ್ಲು ಕಿತ್ತೋನು ನಾನು. ಈಗ ನನ್ನ ಹೆಂಡತೀನ ತಗೊಂಡ್ಹೋಗಿ ಅವರ ಎದೆ ಮೇಲೆ ಮಲಗಿಸ್ಲಾ? ಯಾವ ಮುಖ ಇಟ್ಕೊಂಡು?"

ಹತ್ತು ಗುಂಡಿ ನಾನು ಅಲ್ಲೇ ತೋಡಿದ್ದೆ. ಎರಡರಲ್ಲಿ ಕಂದು ಬಣ್ಣದ ಏನೋ ಸಿಕ್ಕಿತ್ತು. ಮರದ ಬೇರು ಅಂತ ನನಗೆ ನಾನೇ ಹೇಳಿಕೊಂಡು ಮುಚ್ಚಿದ್ದೆ. ಅದನ್ನು ಅಜ್ಜನಿಗೆ ಹೇಳಲಿಲ್ಲ.

ಡಿಸೆಂಬರಿನಲ್ಲಿ ಮಳೆ ಹಿಡಿಯಿತು. ಹಿಮ ಬೀಳಬೇಕಾದ ಕಾಲದಲ್ಲಿ ಒಂಬತ್ತು ದಿನ ಜಿಟಿಜಿಟಿ. ಹದಿನೇಳನೇ ತಾರೀಕು ಬೆಳಿಗ್ಗೆ ಹೋಗಿ ನೋಡಿದರೆ ಸ್ಮಿಲ್ಯಾಳ ಕಲ್ಲಿನ ಹಿಂದೆ, ಅಂದರೆ ಊರಿನ ಕಡೆಗೆ, ಹುಲ್ಲಿನಲ್ಲಿ ಒಂದು ಬಿರುಕು. ಕೈ ಇಳಿಯುವಷ್ಟು ಅಗಲ. ನಾನು ಓಡಿಹೋಗಿ ಅಜ್ಜನನ್ನು ಕರೆದು ತಂದೆ. ಅವನು ತನ್ನ ಕೋಲನ್ನು ಬಿರುಕಿನೊಳಗೆ ಬಿಟ್ಟ. ಕೋಲು ಪೂರ್ತಿ ಹೋಯಿತು, ಹಿಡಿಯನ್ನು ಹಿಡಿದಿದ್ದ ಅವನ ಕೈ ಹುಲ್ಲಿಗೆ ತಾಗಿತು. ಹಾಗೇ ಬಗ್ಗಿಕೊಂಡೇ ಕೇಳಿದ.

"ಬೇರೆಲ್ಲೂ ಜಾಗ ಇಲ್ವೇನೋ?"

"ಇಲ್ಲ ಅಜ್ಜ. ಹಳೇ ಸ್ಮಶಾನ ತುಂಬಿದೆ. ಆಚೆ ಹೊಲ ಯಾರೋ ಕಂಪನಿಯದು."

"ತೋಡು ಹಂಗಾದ್ರೆ," ಅಂದ.

ಮಾರನೇ ದಿನ ಬೆಳಿಗ್ಗೆ ಹೊಸ ಜಾಗದಲ್ಲಿ ಗುಂಡಿ ಶುರು ಮಾಡಿದೆ. ಅಜ್ಜ ಒಂದು ಬಕೆಟ್ ಬೋರಲು ಹಾಕಿಕೊಂಡು ಪಕ್ಕದಲ್ಲಿ ಕೂತ. ನಮ್ಮ ಪಾದ್ರಿ ಯೊವಿಟ್ಸಾ ಕೂಡ ಕೊಡೆ ಹಿಡಿದುಕೊಂಡು ಬಂದರು. ದಪ್ಪ ಮನುಷ್ಯ, ನಾಲ್ಕು ಹಳ್ಳಿಗೆ ಒಬ್ಬರೇ, ಸದಾ ಕಾರಿನ ಕೀಲಿ ಹುಡುಕುತ್ತಿರುತ್ತಾರೆ. ಎದೆಯಾಳ ಇಳಿದಾಗ ಗುದ್ದಲಿಗೆ ಸಿಕ್ಕಿತು. ಈ ಸಲ ಬೇರು ಅನ್ನುವ ಹಾಗಿರಲಿಲ್ಲ. ತಲೆಬುರುಡೆ, ಪಕ್ಕದಲ್ಲಿ ಒಂದು ಬಾಚಣಿಗೆ.

ಅಜ್ಜ ಬಕೆಟ್ಟಿನಿಂದ ಎದ್ದ. "ಗಂಡಸಾ ಹೆಂಗಸಾ?"

"ನನಗೆ ಹೆಂಗೆ ಗೊತ್ತಾಗುತ್ತಜ್ಜ? ನಾನು ಹುಲ್ಲು ಕತ್ತರಿಸೋನು."

"ಮಗುವಾ?"

"ಇಲ್ಲ, ದೊಡ್ಡೋರು."

ಅವನ ಭುಜ ಸ್ವಲ್ಪ ಇಳಿಯಿತು, ನೆಮ್ಮದಿಯೋ ಏನೋ. "ಮೇಲಕ್ಕೆ ಕೊಡು, ಒಂದೊಂದಾಗಿ. ಎಸೀಬೇಡ," ಅಂದು ತನ್ನ ಕೋಟು ಬಿಚ್ಚಿ ಒದ್ದೆ ಹುಲ್ಲಿನ ಮೇಲೆ ಹಾಸಿದ. ನಾನು ಕೊಟ್ಟೆ, ಅವನು ಜೋಡಿಸಿದ. ಒಂದು ಗಂಟೆ ಹೊತ್ತಿಗೆ ಗುಂಡಿ ಸಿದ್ಧವಾಯಿತು. ಮೂಳೆಗಳನ್ನು ಸೇಬಿನ ಪೆಟ್ಟಿಗೆಯಲ್ಲಿಟ್ಟು ನನ್ನ ಸಾಮಾನಿನ ಗೂಡಿಗೆ ಸೇರಿಸಿದೆವು.

"ಸರಿ, ಈಗ ಅಜ್ಜಿನ ತೆಗೆಯೋಣ," ಅಂದೆ. "ಇನ್ನೂ ಮೂರು ಗಂಟೆ ಬೆಳಕಿದೆ."

ಪಾದ್ರಿ ಅಜ್ಜನನ್ನು ನೋಡಿದರು, ಅಜ್ಜ ಪಾದ್ರಿಯನ್ನು.

"ನಾಳೆ ನಿಕೋಲ," ಅಂದ ಅಜ್ಜ.

ಸಂತ ನಿಕೋಲ ಅವನ ಮನೆದೇವರು. ನಮ್ಮಲ್ಲಿ ಮನೆದೇವರ ದಿನ ಅಂದರೆ ಹುಟ್ಟಿದ ದಿನಕ್ಕಿಂತ, ಸಾಯುವ ದಿನಕ್ಕಿಂತ ದೊಡ್ಡದು. ಕರೆಯದೇ ಬರುತ್ತಾರೆ ಜನ. ಬಂದವರ ಮುಂದೆ ಮನೆಯ ಯಜಮಾನ ಕೂರುವ ಹಾಗಿಲ್ಲ. ಆ ದಿನ ಮಣ್ಣು ಮುಟ್ಟುವ ಹಾಗಿಲ್ಲ. ಸತ್ತವರ ಮೂಳೆಯನ್ನು ಹಿಂದಿನ ದಿನ ಮುಟ್ಟಿದ ಕೈಯಲ್ಲಿ ಮಾರನೇ ದಿನ ದೇವರ ರೊಟ್ಟಿ ಕತ್ತರಿಸುವುದೂ ಇಲ್ಲ.

"ಈಗ ತಾನೇ ಮುಟ್ಟಿದೆಯಲ್ಲಜ್ಜ, ಆ ಜರ್ಮನ್ ಮೂಳೆ?"

"ಅದು ಆಗಿಹೋಯ್ತು. ಇದು ನಾನೇ ಆರಿಸಿಕೊಂಡು ಮಾಡೋದು. ಅಷ್ಟೂ ಅಲ್ಲದೆ ಅವಳನ್ನ ತೆಗೆದರೆ ವೈನಲ್ಲಿ ತೊಳೀಬೇಕು, ಬಿಳಿ ಬಟ್ಟೆ ಸುತ್ತಬೇಕು. ಅವಸರಕ್ಕೆ ಮೂಟೆ ಕಟ್ಟೋದಲ್ಲ. ಮನೇಲಿ ಮೀನು ಶುಚಿ ಮಾಡೋದಿದೆ, ರೊಟ್ಟಿ ಹಿಟ್ಟು ಉಬ್ಬಕ್ಕಿಟ್ಟಿದ್ದೀನಿ. ನಾಳಿದ್ದು ಬೆಳಿಗ್ಗೆ ಎದ್ದು ಮೊದಲ ಕೆಲಸ ಅದೇ."

"ಪಾದ್ರಿಗಳೇ, ನೀವಾದ್ರೂ ಹೇಳಿ. ಬಿರುಕು ಬಿಟ್ಟಿದೆ."

ಪಾದ್ರಿ ಕೊಡೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು. "ಇಪ್ಪತ್ತು ವರ್ಷ ನಿಂತಿದೆ ಸ್ರೆಟ್ಕೊ. ಒಂದು ದಿನ ನಿಲ್ಲುತ್ತೆ. ನಿಕೋಲ ನದಿ ಜನರ ದೇವರು. ತನ್ನ ಹಬ್ಬದ ದಿನ ತನ್ನ ಮನೆಯವಳನ್ನೇ ಬಿಡ್ತಾನಾ?"

ಇಲ್ಲಿ ನಾನು ಒಂದು ವಿಷಯ ಒಪ್ಪಿಕೊಳ್ಳಬೇಕು. ಮೂರನೇ ಸಲ ನಾನು ಒತ್ತಾಯಿಸಲಿಲ್ಲ. ಸೊಂಟ ನೋಯುತ್ತಿತ್ತು, ಬೂಟಿನೊಳಗೆ ನೀರು ತುಂಬಿತ್ತು, ಮನೆಗೆ ಹೋಗಬಹುದಲ್ಲ ಅನ್ನುವ ಖುಷಿಯೇ ಹೆಚ್ಚಿತ್ತು. ತೋಡಿದ ಗುಂಡಿಯನ್ನು ಬರಿದೇ ಬಿಟ್ಟು ಹೋಗಬಾರದು, ಬಿಟ್ಟರೆ ಅದು ಇನ್ನೊಬ್ಬರನ್ನು ಕರೆಯುತ್ತದೆ ಅನ್ನುತ್ತಾರೆ. ಅದಕ್ಕೇ ನನ್ನ ಸಲಿಕೆಯನ್ನು ಅಡ್ಡ ಇಟ್ಟೆ. ಅಷ್ಟು ಶಾಸ್ತ್ರವಂತ ನಾನು.

ಹತ್ತೊಂಬತ್ತನೇ ತಾರೀಕು ಮಧ್ಯಾಹ್ನ ಅಜ್ಜನ ಮನೆಗೆ ಹೋದೆ. ಒಂದು ಕಾಲಕ್ಕೆ ಆ ಮನೆಗೆ ಅರವತ್ತು ಜನ ಬರುತ್ತಿದ್ದರಂತೆ, ಅವತ್ತು ಮೂವರು. ಪಾದ್ರಿ, ಕೊವಿಲ್ಕ, ನಾನು. ಅಜ್ಜ ಮಾತ್ರ ಅರವತ್ತು ಜನಕ್ಕೆ ಮೇಜು ಹಾಕಿದ್ದ. ಗೋಡೆಯಿಂದ ಗೋಡೆಗೆ ಬಿಳಿ ಬಟ್ಟೆ, ನಡುವೆ ಉರಿಯುವ ದೊಡ್ಡ ಮೇಣದ ಬತ್ತಿ, ರೊಟ್ಟಿ, ಬೇಯಿಸಿದ ಗೋಧಿ. ಉಪವಾಸದ ತಿಂಗಳಾದ್ದರಿಂದ ಮಾಂಸವಿಲ್ಲ; ಮೀನಿನ ಸಾರು, ಹುರಿದ ಮೀನು, ಹುರುಳಿಕಾಯಿ ಬೀಜದ ಪಲ್ಯ. ಅವನು ಇಸ್ತ್ರಿ ಮಾಡಿದ ಶರ್ಟು ತೊಟ್ಟು ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದ.

"ಕೂತ್ಕೊಳ್ಳೋ ಮಾರಾಯ, ನಾವು ಮೂರೇ ಜನ," ಅಂದಳು ಕೊವಿಲ್ಕ. "ನಿನ್ನ ಮಂಡಿ ಶಬ್ದ ನಮ್ಮನೆಗೆ ಕೇಳಿಸುತ್ತೆ."

"ಬತ್ತಿ ಉರೀತಿದೆ. ಕೂರಲ್ಲ. ಸ್ರೆಟ್ಕೊಗೆ ಇನ್ನೊಂದು ಮೀನು ಹಾಕು."

"ಅವನಿಗಾ? ನಾಲ್ಕನೇದು ಅದು. ಇವನನ್ನ ಐರ್ಲೆಂಡಿನೋರು ಯಾಕೆ ವಾಪಸ್ ಕಳಿಸಿದರು ಅಂತ ಈಗ ಗೊತ್ತಾಯ್ತು."

ನಾನು ನಗುತ್ತಾ ತಟ್ಟೆ ಚಾಚಿದೆ. ಆಗಲೇ ಕೇಳಿದ್ದು. ಅಂಥ ದೊಡ್ಡ ಶಬ್ದವಲ್ಲ. ಯಾರೋ ದೂರದಲ್ಲಿ ಲಾರಿಯಿಂದ ಮಣ್ಣು ಸುರಿದ ಹಾಗೆ, ಒಂದು ಸಲ. ಸ್ವಲ್ಪ ತಡೆದು ಇನ್ನೊಂದು ಸಲ, ದೀರ್ಘವಾಗಿ. ಮೇಜಿನ ಮೇಲಿನ ಗ್ಲಾಸುಗಳು ಅಲುಗಲಿಲ್ಲ. ಬತ್ತಿಯೂ ಅಲುಗಲಿಲ್ಲ. ಊರಿನಲ್ಲಿ ಹುಟ್ಟಿದ ಎಲ್ಲರಿಗೂ ಆ ಶಬ್ದ ಗೊತ್ತು.

ಕೊವಿಲ್ಕ ಶಿಲುಬೆಯ ಗುರುತು ಮಾಡಿಕೊಂಡಳು. ಅಜ್ಜ ಕೋಟು ಹಾಕಿಕೊಳ್ಳದೇ ಹೊರಟ. ಎಂಬತ್ತೊಂದರ ಮುದುಕ ನನಗಿಂತ ಮುಂದೆ ನಡೆದ.

ಸ್ಮಶಾನದ ದಾರಿಯ ಕೊನೆಯಲ್ಲಿ ಆಕಾಶ ಹೆಚ್ಚಾಗಿತ್ತು. ಅಷ್ಟೇ ವ್ಯತ್ಯಾಸ. ಕಲ್ಲು ಇರಬೇಕಾದಲ್ಲಿ ಆಚೆ ದಡದ ವಿಲೋ ಮರಗಳು ಕಂಡವು. ಬಿರುಕಿನ ಗೆರೆಯಲ್ಲೇ ದಂಡೆ ನೀಟಾಗಿ ಕತ್ತರಿಸಿಕೊಂಡು ಹೋಗಿತ್ತು. ಹೊಟ್ಟೆ ಮೇಲೆ ತೆವಳಿಕೊಂಡು ಹೋಗಿ ಕೆಳಗೆ ನೋಡಿದೆ. ಹಳದಿ ಮಣ್ಣಿನ ದೊಡ್ಡ ನಾಲಿಗೆ ನೀರಿಗೆ ಚಾಚಿಕೊಂಡಿತ್ತು. ನದಿ ಆಗಲೇ ಅದರ ತುದಿಯನ್ನು ಕರಗಿಸುತ್ತಿತ್ತು, ಹರಿವಿನಲ್ಲಿ ಅರ್ಧ ಮೈಲಿ ದೂರಕ್ಕೆ ಹಳದಿ ಪಟ್ಟಿ. ಮರದ ತುಂಡಾಗಲಿ ಕಲ್ಲಾಗಲಿ ಏನೂ ಮೇಲೆ ಕಾಣಿಸಲಿಲ್ಲ.

"ಏನಾದ್ರೂ ಇದೆಯೇನೋ?" ಹಿಂದಿನಿಂದ ಅಜ್ಜ ಕೇಳಿದ.

"ಇಲ್ಲ."

"ಸರಿಯಾಗಿ ನೋಡು."

"ನೋಡ್ತಿದ್ದೀನಜ್ಜ. ಏನೂ ಇಲ್ಲ."

ಪಾದ್ರಿ ಏದುಸಿರು ಬಿಡುತ್ತಾ ಬಂದು ಮುಟ್ಟಿದರು. ಅಜ್ಜ ಅವರನ್ನು ನೋಡಿದ. ಬೈಯುತ್ತಾನೆ ಅಂದುಕೊಂಡೆ. ಬೈದಿದ್ದರೆ ಮೂವರಿಗೂ ಒಳ್ಳೆಯದಿತ್ತು.

"ನೀವು ಊಟ ಅರ್ಧಕ್ಕೆ ಬಿಟ್ಟು ಬಂದ್ರಿ," ಅಂದ. "ನಡೀರಿ. ಬತ್ತಿ ಉರೀತಿದೆ."

ಹೋದೆವು. ಅವನು ಮತ್ತೆ ಗೋಡೆಗೆ ಬೆನ್ನು ಕೊಟ್ಟು ನಿಂತ, ಕೊನೆಯವರೆಗೂ ನಿಂತಿದ್ದ, ವೈನ್ ಹನಿಸಿ ಬತ್ತಿ ಆರಿಸುವವರೆಗೂ. ನಾವು ತಿಂದೆವು. ಬೇರೇನು ಮಾಡಬೇಕೆಂದು ನಮ್ಮಲ್ಲಿ ಯಾರಿಗೂ ತಿಳಿಯಲಿಲ್ಲ.

ಮಾರನೇ ಬೆಳಿಗ್ಗೆ ಹೇಳಿದ ಹೊತ್ತಿಗೆ ಸರಿಯಾಗಿ ಅವನು ಹೊಸ ಗುಂಡಿಯ ಹತ್ತಿರ ಬಂದಿದ್ದ. ಕೈಯಲ್ಲಿ ಸ್ಮಿಲ್ಯಾಗೆಂದು ತೆಗೆದಿಟ್ಟಿದ್ದ ಕೆಂಪು ವೈನು, ಮಡಿಸಿದ ಬಿಳಿ ಬಟ್ಟೆ. ಸೇಬಿನ ಪೆಟ್ಟಿಗೆ ತರಿಸಿದ. ಮಂಡಿಯೂರಿ ಆ ಜರ್ಮನ್ ಮೂಳೆಗಳನ್ನು ಒಂದೊಂದಾಗಿ ವೈನಿನಲ್ಲಿ ತೊಳೆದ. ಬಾಚಣಿಗೆಯನ್ನೂ ತೊಳೆದ. ಆಮೇಲೆ ಬಟ್ಟೆಯಲ್ಲಿ ಸುತ್ತಿದ.

ಪಾದ್ರಿ ಇಕ್ಕಟ್ಟಿನಲ್ಲಿದ್ದರು. "ಜಿವಾನ್, ಇವರು ಕ್ಯಾಥಲಿಕ್ ಇರಬೇಕು, ನಮ್ಮ ಪಂಥದವರಲ್ಲ. ನಾನು ಯಾವ ಪ್ರಾರ್ಥನೆ ಹೇಳ್ಲಿ? ಹೆಸರೂ ಗೊತ್ತಿಲ್ಲ."

"ಹೆಸರು ಕಟ್ಟೆಯಲ್ಲೆಲ್ಲೋ ಇದೆ," ಅಂದ ಅಜ್ಜ. "ಮುಖ ಕೆಳಗೆ. ನಾನೇ ಇಟ್ಟಿದ್ದೀನಿ. ನಿಮಗೆ ಬರೋದನ್ನ ಹೇಳಿ."

ಪಾದ್ರಿ ಹೇಳಿದರು, ಹೆಸರು ಬರುವಲ್ಲಿ ತಡವರಿಸಿ ಮುಂದೆ ಹೋದರು. ನಾನು ಮಣ್ಣು ಮುಚ್ಚಿದೆ. ಗುಂಡಿ ತೋಡಿದ್ದು ಒಬ್ಬರಿಗೆ, ಮುಚ್ಚಿದ್ದು ಇನ್ನೊಬ್ಬರ ಮೇಲೆ. ಅಜ್ಜನದು ಅಂತ ಒಂದು ಗೋರಿ ಈಗ ಊರಿನಲ್ಲಿಲ್ಲ. ತನಗೆ ಜಾಗ ಎಲ್ಲಿ ಅಂತ ಅವನು ಕೇಳಲಿಲ್ಲ, ನಾನೂ ಆ ಮಾತು ಎತ್ತಲಿಲ್ಲ.

ಫೆಬ್ರುವರಿಯಲ್ಲಿ ಸತ್ತವರ ಶನಿವಾರ ಬಂತು. ಅವತ್ತು ಎಲ್ಲರೂ ತಂತಮ್ಮ ಗೋರಿಗೆ ಊಟ ತರುತ್ತಾರೆ, ಸ್ವಲ್ಪ ಕಲ್ಲಿನ ಮೇಲಿಟ್ಟು ಉಳಿದದ್ದನ್ನು ಎದುರಿಗೆ ಸಿಕ್ಕವರಿಗೆ ಕೊಡುತ್ತಾರೆ. ಪಂಚಾಯಿತಿ ದಂಡೆಯುದ್ದಕ್ಕೂ ಎಚ್ಚರಿಕೆಯ ಕೆಂಪು ಬಿಳಿ ಪಟ್ಟಿ ಕಟ್ಟಿಸಿತ್ತು. ಕಟ್ಟಿದವನು ನಾನು. ಯಾರೂ ಅದನ್ನು ದಾಟದ ಹಾಗೆ ನೋಡಿಕೊಳ್ಳಲು ಅಲ್ಲಿ ನಿಲ್ಲಿಸಿದ್ದೂ ನನ್ನನ್ನೇ.

ಹತ್ತು ಗಂಟೆಗೆ ಅಜ್ಜ ಬಂದ. ಮುಚ್ಚಿದ ತಟ್ಟೆ ಹಿಡಿದು ಗೋರಿಗಳ ನಡುವೆ ನೇರ ನಡೆದು ಬಂದು ಪಟ್ಟಿಯ ಹತ್ತಿರ ನಿಂತ.

"ಸ್ವಲ್ಪ ಎತ್ತು, ಬಗ್ಗಿ ಹೋಗ್ತೀನಿ."

"ಆಗಲ್ಲಜ್ಜ."

"ಅಂಚಿಗೆ ಹೋಗಲ್ಲ ಕಣೋ. ಎರಡೇ ಹೆಜ್ಜೆ. ಇದನ್ನ ಅಲ್ಲಿಟ್ಟು ಬರ್ತೀನಿ."

"ಮತ್ತೆ ಬಿರುಕು ಬಿಟ್ಟಿದೆ. ನೀನು ಹೋದರೆ ಎಲ್ಲರೂ ಹೋಗ್ತಾರೆ. ನನ್ನ ಕೆಲಸ ಹೋಗುತ್ತೆ."

"ಅವತ್ತು ಇಷ್ಟು ಗಟ್ಟಿಯಾಗಿ ಹೇಳಬಾರದಿತ್ತಾ?" ಅಂದ. ಸಿಟ್ಟಿರಲಿಲ್ಲ ದನಿಯಲ್ಲಿ. ನಿಜವಾಗಿ ಕೇಳುತ್ತಿದ್ದ.

ನಾನು ಪಟ್ಟಿಯ ಗಂಟನ್ನು ಇನ್ನಷ್ಟು ಬಿಗಿದೆ. ಅಜ್ಜನ ಹಿಂದೆ ಹೆಂಗಸರು ಕಲ್ಲುಗಳ ಮೇಲೆ ರೊಟ್ಟಿ ಮುರಿದಿಡುತ್ತಿದ್ದರು, ಕೊವಿಲ್ಕ ಗಂಡನ ಗೋರಿಯ ಜೊತೆ ಜೋರಾಗಿ ಜಗಳವಾಡುತ್ತಿದ್ದಳು.

ಅಜ್ಜ ತಟ್ಟೆಯ ಮೇಲಿನ ಬಟ್ಟೆ ತೆಗೆದ. ಹೊಗೆ ಹಾಕಿದ ಮಾಂಸ, ಬೇಯಿಸಿದ ಮೊಟ್ಟೆ, ಎರಡು ತುಂಡು ರೊಟ್ಟಿ. ಪಟ್ಟಿಯ ಮೇಲಿನಿಂದ ನನ್ನ ಕೈಗೆ ಕೊಟ್ಟ.

"ತಗೋ. ಅವಳ ಹೆಸರಲ್ಲಿ ನೀನೇ ತಿನ್ನು."

"ಆಮೇಲೆ ತಿಂತೀನಜ್ಜ."

"ಈಗ ತಿನ್ನು. ನಾನು ನೋಡಬೇಕು."

ನಿಂತುಕೊಂಡೇ ತಿಂದೆ. ಚಳಿಗೆ ಮೊಟ್ಟೆ ಕಲ್ಲಾಗಿತ್ತು, ಉಪ್ಪು ಹಾಕಿರಲಿಲ್ಲ. ನದಿಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಕೊನೆಯ ತುಂಡು ನುಂಗುವವರೆಗೂ ಅಜ್ಜ ನನ್ನ ಬಾಯನ್ನೇ ನೋಡುತ್ತಾ ನಿಂತಿದ್ದ. ಆಮೇಲೆ ತಟ್ಟೆ ಇಸಿದುಕೊಂಡು, ಬಟ್ಟೆ ಮಡಿಸಿ ಜೇಬಿಗೆ ಹಾಕಿಕೊಂಡು, ಮನೆಗೆ ಹೋದ.